ಚಕ್ಕಡಿಯ ಬೆಕ್ಕು

ಮದುವೆಯಲ್ಲಿ ತವರಿನವರು ನನಗೆ ಎರಡು ಸೀರೆ, ಒಂದು ತಂಬಿಗೆ ಕೊಟ್ಟರು. ಬೆಕ್ಕನ್ನು ಯಾರೂ ಕೊಡಲಿಲ್ಲ, ಅದೇ ಬಂದು ಚಕ್ಕಡಿಯಲ್ಲಿ ಕೂತಿತು. ಮೋಟಾರು ಅಂದರೆ ಕಲೆಕ್ಟರ ಸಾಹೇಬರ ಸವಾರಿ ಎಂದಿದ್ದ ಕಾಲ ಅದು. ನಮ್ಮ ಯಜಮಾನರು ಸಂತೆಯಿಂದ ಸಂತೆಗೆ ಸೀರೆ ಮಾರುವವರು: ಮೂಡಲಗಿ ಮುಗಿಸಿ ಗೋಕಾಕ, ಅಲ್ಲಿಂದ ಅಂಕಲಗಿ, ಆಮೇಲೆ ಹುಕ್ಕೇರಿ. ಮನೆ ಅನ್ನುವುದು ಇರಲಿಲ್ಲ. ಬಿದಿರಿನ ಕಮಾನು ಕಟ್ಟಿ ಗೋಣಿತಟ್ಟು ಹೊದಿಸಿದ ಚಕ್ಕಡಿಯೇ ಮನೆ. ಒಳಗೆ ಸೀರೆಯ ಗಂಟು, ಗಂಟಿನ ಮೇಲೆ ನಾನು, ನನ್ನ ಮೇಲೆ ಬೆಕ್ಕು; ಮುಂದೆ ಎತ್ತು ಹೊಡೆಯುತ್ತ ಯಜಮಾನರು. ಗಿಡ ಕಾಣದ ಬಯಲಿನ ಬಿಸಿಲಲ್ಲಿ ಮೂವರೂ ಬೇಯುತ್ತಿದ್ದೆವು, ಆದರೆ ನಿದ್ದೆ ಬರುತ್ತಿದ್ದದ್ದು ಬೆಕ್ಕೊಂದಕ್ಕೇ.

ಕೊರಳಲ್ಲಿ ಲಿಂಗ ಇದ್ದವರಿಗೆ ಶಕುನದ ಗೊಡವೆ ಬೇಡ ಅಂತ ಮಠದ ಸ್ವಾಮಿಗಳೇ ಹೇಳಿದ್ದರು. ನಮ್ಮ ಯಜಮಾನರು ಲಿಂಗವನ್ನೂ ಬಿಡಲಿಲ್ಲ, ಶಕುನವನ್ನೂ ಬಿಡಲಿಲ್ಲ. ಬೆಕ್ಕು ಅಡ್ಡ ಬಂದರೆ ಚಕ್ಕಡಿ ನಿಲ್ಲಬೇಕು, ಎತ್ತು ಬಿಚ್ಚಬೇಕು, ನೀರು ಕುಡಿದು ಎಲೆ-ಅಡಿಕೆ ಹಾಕಿಕೊಂಡೇ ಹೊರಡಬೇಕು. ನಮ್ಮ ಬೆಕ್ಕಾದರೋ ದಿನಕ್ಕೆ ನಾಲ್ಕು ಸಲ ಕೆಳಗೆ ಹಾರಿ, ಓತಿಕ್ಯಾತನ ಬೆನ್ನು ಹತ್ತಿ, ಎತ್ತುಗಳ ಮುಂದೆಯೇ ಅಡ್ಡ ಓಡುತ್ತಿತ್ತು. ಹೀಗೆ ನಿಂತು ನಿಂತು ಒಮ್ಮೆ ನಾವು ಗೋಕಾಕ ಮುಟ್ಟುವಷ್ಟರಲ್ಲಿ ಸಂತೆಯೇ ಮುಗಿದಿತ್ತು.

"ನಮ್ಮ ಬೆಕ್ಕು ನಮಗ ಅಡ್ಡ ಬಂದ್ರ ಅದು ಶಕುನ ಅಲ್ರಿ," ಅಂದೆ.

"ಮನಿಯಾಕಿ ಅಡ್ಡ ಬಂದ್ರೂ ಕೆಲಸ ಕೆಡತೈತಿ," ಅಂದರು. ಮರುದಿನ ಬೆಕ್ಕನ್ನು ಬಿಟ್ಟುಬರುವುದೆಂದು ಠರಾಯಿಸಿದರು.

ದಿನವಿಡೀ ನನ್ನ ಮಾತು ಕೇಳಿಸಿಕೊಳ್ಳುವ ಜೀವ ಅದೊಂದೇ. "ಹಂಗಾರ ಒಂದು ಮಾತು ಕೊಡ್ರಿ. ಅದು ತಾನಾಗಿ ತಿರುಗಿ ಬಂದ್ರ ಮತ್ತ ಕೈ ಹಚ್ಚಬಾರದು."

"ಕೊಟ್ಟೆ, ಹೋಗು."

ನಮ್ಮ ಕಡೆ ಬೆಕ್ಕು ಬಿಡುವುದಕ್ಕೊಂದು ಪದ್ಧತಿ ಉಂಟು. ಚೀಲದಲ್ಲಿ ಹಾಕಿ, ಹೊಳೆ ದಾಟಿಸಿ, ಮೂರು ಸಲ ಗರಗರ ತಿರುಗಿಸಿ ಚೀಲದ ಬಾಯಿ ಬಿಚ್ಚಬೇಕು. ಆಗ ಅದಕ್ಕೆ ದಿಕ್ಕು ತಪ್ಪಿ ಮನೆಯ ದಾರಿ ಮರೆಯುತ್ತದೆ. ಯಜಮಾನರು ಒಂದನ್ನೂ ಬಿಡದೆ ಮಾಡಿದರು. ಘಟಪ್ರಭೆ ದಾಟಿ, ಅರಭಾವಿಯ ಹಾದಿಯಲ್ಲಿ ಚಕ್ಕಡಿ ನಿಲ್ಲಿಸಿ, ಚೀಲ ತಿರುಗಿಸಿದರು. ಅದರ ಜೋರಿಗೆ ತಾವೂ ತಿರುಗಿದರು. ಹೊರಬಂದ ಬೆಕ್ಕು ಕುಡುಕನ ಹಾಗೆ ನಾಲ್ಕು ಹೆಜ್ಜೆ ಓಲಾಡಿ, ಹತ್ತು ಮಾರು ದೂರದಲ್ಲಿದ್ದ ಚಕ್ಕಡಿಗೆ ಹಾರಿ, ತನ್ನ ಗಂಟಿನ ಮೇಲೆ ಮಲಗಿಬಿಟ್ಟಿತು. ಯಜಮಾನರು ಇನ್ನೂ ಜಾಲಿ ಗಿಡ ಹಿಡಿದುಕೊಂಡೇ ನಿಂತಿದ್ದರು. ಮನೆಯ ದಾರಿ ತಪ್ಪಿಸಲು ಹೊರಟ ಮಹಾನುಭಾವರು ಮನೆಯನ್ನೇ ಜೊತೆಗೆ ತಂದಿದ್ದರು! ನಗು ತಡೆಯಲಾರದೆ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಕೊಟ್ಟ ಮಾತನ್ನಂತೂ ಉಳಿಸಿಕೊಂಡರು. ಆಮೇಲೆ ಬೆಕ್ಕು ಅಡ್ಡ ಬಂದಾಗೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಾಣದ ಶಕುನ ತಟ್ಟುವುದಿಲ್ಲವಂತೆ.

ಕೆಲವು ವರ್ಷದ ಮೇಲೆ ಹುಕ್ಕೇರಿಯಲ್ಲಿ ಅಂಗಡಿ ಹಾಕಿದೆವು. ಹಿಂದೆಯೇ ಎರಡು ಕೋಣೆಯ ಮನೆ. ಚಕ್ಕಡಿಯನ್ನು ಅದೇ ಓಣಿಯ ಬಳೆ ಮಾರುವ ಸಾಹೇಬರಿಗೆ ಕೊಟ್ಟೆವು. ಬೆಕ್ಕು ಒಂದು ದಿನ ನಮ್ಮ ಗೋಡೆಗಳನ್ನು ಮೂಸಿ ನೋಡಿತು. ಮರುದಿನ ಸಾಹೇಬರ ಅಂಗಳದಲ್ಲಿ ಚಕ್ಕಡಿಯೊಳಗೆ ಮಲಗಿತ್ತು. ಎತ್ತಿಕೊಂಡು ಬಂದೆ, ಮತ್ತೆ ಹೋಯಿತು. ಕೊನೆಗೆ ಯಜಮಾನರೇ ಅದನ್ನು ಚೀಲದಲ್ಲಿ ತಂದು, ಚಕ್ಕಡಿಯ ದಾರಿ ಮರೆಯಲಿ ಅಂತ ನಡುಮನೆಯಲ್ಲಿ ಮೂರು ಸುತ್ತು ತಿರುಗಿಸಿದರು. ನನ್ನ ಸಪ್ಪೆ ಮುಖ ನೋಡಲಾರದೆ ಮಾಡಿದ ಕೆಲಸ ಅದು. ಆ ಹೊತ್ತು ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು. ಬೆಕ್ಕಿಗೆ ಬರಲಿಲ್ಲ. ಸಂಜೆಯೊಳಗೆ ಮತ್ತೆ ಅಲ್ಲೇ.

"ಬೇಕಂದ್ರ ಒಯ್ದು ಕಟ್ಟಿ ಹಾಕ್ಕೋರಿ ಅಕ್ಕಾರ, ನಂದೇನೂ ತಕರಾರ ಇಲ್ಲ," ಅಂದರು ಸಾಹೇಬರು.

"ಬ್ಯಾಡ್ರಿ, ಅದು ಅದರ ಮನಿಯಾಗ ಐತಿ," ಅಂದೆ.

ಸಾಹೇಬರು ಮೂಡಲಗಿಯ ಸಂತೆಗೆ ಹೊರಟ ದಿನ ಚಕ್ಕಡಿ ನಮ್ಮ ಬಾಗಿಲ ಮುಂದೆಯೇ ಹಾದುಹೋಯಿತು. ಬಳೆಯ ಗಂಟಿನ ಮೇಲೆ ಮಲಗಿದ್ದ ಬೆಕ್ಕು ಒಂದು ಕಣ್ಣು ತೆರೆದು ನನ್ನನ್ನು ನೋಡಿತು, ಮತ್ತೆ ಮುಚ್ಚಿತು. ನನಗೆ ಗಳಗಳ ಅಳು ಬಂತು.

"ಒಂದು ಬೆಕ್ಕಿನ ಸಲುವಾಗಿ ಇಷ್ಟು ಅಳತಾರೇನ?" ಅಂದರು ಯಜಮಾನರು.

"ಬೆಕ್ಕಿಗಲ್ರಿ," ಅಂದೆ. "ಆ ಚಕ್ಕಡಿ ನನ್ನ ಮನೀನೂ ಆಗಿತ್ತು."