ಹಂಡೆಯ ಹಿಂದಿನ ಪೈಪು

ಬೆಳಿಗ್ಗೆ ಬಾಲ್ಕನಿಯ ಬಾಗಿಲು ತೆಗೆದರೆ ನಿಂತ ಸೋಪುನೀರಿನ ವಾಸನೆ. ವಾಷಿಂಗ್ ಮಷಿನ್ನಿನ ನೀರು ಕೆಳಗಿಳಿಯದೆ ಹಿಂದಕ್ಕೆ ಬಂದು ನನ್ನ ಚಪ್ಪಲಿಗಳನ್ನು ತೇಲಿಸುತ್ತಿತ್ತು. ಮೂಗು ಮುಚ್ಚಿಕೊಳ್ಳಬೇಕಾದವಳು ನಕ್ಕುಬಿಟ್ಟೆ. ಈ ವಾಸನೆ ಬಂದರೆ ನನಗೆ ನೆನಪಾಗುವುದು ನಮ್ಮ ಅತ್ತೆ. ಹೀಗೆ ಹೇಳಿದ್ದು ಅವರ ಕಿವಿಗೆ ಬಿದ್ದಿದ್ದರೆ ಎರಡು ದಿನ ಮಾತು ಬಿಡುತ್ತಿದ್ದರು.

ತೊಂಬತ್ತರ ದಶಕದ ಮಾತು. ಜಯನಗರದ ನಮ್ಮ ಮನೆಗೆ ಎರಡು ತೊಟ್ಟಿಯ ಮಷಿನ್ ಬಂತು. ಒಂದರಲ್ಲಿ ಒಗೆಯುವುದು, ಇನ್ನೊಂದರಲ್ಲಿ ಹಿಂಡುವುದು. ಬಂತು ಅಂದರೆ ತಾನಾಗಿ ಬರಲಿಲ್ಲ, ಒಂದು ವರ್ಷ ಗಂಡನ ತಲೆ ತಿಂದಿದ್ದೆ. ಆಫೀಸಿಗೆ ಹೋಗುವ ಮುಂಚೆ ಒಂದು ಬಕೆಟ್ಟು, ಬಂದ ಮೇಲೆ ಒಂದು ಬಕೆಟ್ಟು ಒಗೆದು ನನ್ನ ಸೊಂಟ ಬಿದ್ದುಹೋಗಿತ್ತು. ಅತ್ತೆಗೆ ಮಾತ್ರ ಅದನ್ನು ಕಂಡರಾಗದು. "ಎಲ್ಲರ ಬಟ್ಟೆ ಒಂದೇ ನೀರಲ್ಲಿ ಗಿರಗಿರ ತಿರುಗಿಸಿದ್ರೆ ಮಡಿ ಎಲ್ಲಿ ಬಂತು?" ಎಂದು ತಮ್ಮ ಸೀರೆಯನ್ನು ಬೇರೆಯಾಗಿ ಒಗೆದು, ಕೋಲಿನಿಂದ ಎತ್ತಿ ಗಳುವಿನ ಮೇಲೆ ಹರವುತ್ತಿದ್ದರು. ಮಷಿನ್ ಇದ್ದದ್ದು ಹಿತ್ತಿಲಲ್ಲಿ. ಅದರ ಕೊಳೆನೀರಿನ ಪೈಪು ಗೋಡೆಯ ತೂತಿನಿಂದ ಬಚ್ಚಲುಮನೆಗೆ ಬಂದು, ನೀರು ಕಾಯಿಸುವ ಹಂಡೆಯ ಹಿಂದೆ ಮೋರಿಗೆ ಇಳಿಯುತ್ತಿತ್ತು.

ಮೂರನೇ ತಿಂಗಳಿಗೆ ನೀರು ಹೋಗುವುದು ನಿಂತಿತು. ಒಗೆದ ನೀರೆಲ್ಲ ಹಿಂಡುವ ತೊಟ್ಟಿಯಲ್ಲಿ ಮೇಲೇಳುತ್ತಿತ್ತು. ನಮ್ಮವರು ಬ್ಯಾಂಕಿನ ಕೆಲಸದವರು, ಆದರೂ ಟೇಪು ಹಿಡಿದು ಹಿತ್ತಿಲನ್ನು ಅಳೆದು, "ಸ್ಲೋಪ್ ಇಲ್ಲ ಕಣೇ, ನೀರು ಪಾಪ ಎಲ್ಲಿಗೆ ಹೋಗತ್ತೆ?" ಅಂದರು. ಮೆಕ್ಯಾನಿಕ್ ಬಂದು ಮಷಿನ್ನಿನ ಬೆನ್ನು ಬಿಚ್ಚಿ, "ಇದು ಪರ್ಫೆಕ್ಟ್ ಮೇಡಂ, ಪ್ಲಂಬರ್‌ನ ಕರೀರಿ" ಅಂದ. ಪ್ಲಂಬರ್ ಮೋರಿಗೆ ಬಿದಿರಿನ ಪಟ್ಟಿ ತೂರಿಸಿ, "ಲೈನ್ ಸಖತ್ತಾಗಿದೆ, ಮಷಿನ್ನೇ ಸರಿ ಇಲ್ಲ" ಅಂದ. ಹಂಡೆಯ ಹಿಂದಕ್ಕೆ ಮಾತ್ರ ಯಾರೂ ಕೈ ಹಾಕಲಿಲ್ಲ. ಅಲ್ಲಿ ಕಲ್ಲಿನ ಮೇಲೆ ಅತ್ತೆಯ ಮಡಿಯ ಬಕೆಟ್ಟು ಇರುತ್ತಿತ್ತು, ಮುಟ್ಟಿದರೆ ಮನೆ ರಣರಂಗ. ಕೊನೆಗೆ ನಮ್ಮವರು ತೀರ್ಪು ಕೊಟ್ಟರು: ಭಾನುವಾರದೊಳಗೆ ಸರಿಹೋಗದಿದ್ದರೆ ಮಷಿನ್ ಇಟ್ಟಮಡುವಿನ ತಂಗಿಯ ಮನೆಗೆ. ನಾದಿನಿ ಆಗಲೇ ಜಾಗ ಗುಡಿಸಿಟ್ಟಿದ್ದಳಂತೆ. ಅತ್ತೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷಪಡುತ್ತಿದ್ದಾರೆ ಎಂದು ನಾನು ಹಲ್ಲು ಕಡಿದೆ.

ಶನಿವಾರ ಸಂಜೆ ಅವರು ದೇವಸ್ಥಾನಕ್ಕೆ ಹೋದಾಗ, ಆದದ್ದಾಗಲಿ ಎಂದು ಬಕೆಟ್ಟು ಸರಿಸಿ ಹಂಡೆಯ ಹಿಂದೆ ಕೈಯಾಡಿಸಿದೆ. ಪೈಪಿನ ಬಾಯಿಗೆ ಬಟ್ಟೆ ಕಟ್ಟಿತ್ತು. ಮೂರು ಸುತ್ತು, ಮೇಲೊಂದು ದಾರದ ಗಂಟು, ಒಳಗೆ ಕೊಳೆನೂಲಿನ ಮುದ್ದೆ. ಬಟ್ಟೆ ಅತ್ತೆಯ ಹಳೇ ಸೀರೆಯದು. ಬಿಚ್ಚಿದ್ದೇ ತಡ, ನಿಂತ ನೀರೆಲ್ಲ ಸೊಯ್ಯೆಂದು ಇಳಿಯಿತು. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಮಷಿನ್ ಉಳಿಯಿತು ಅನ್ನುವುದಕ್ಕಿಂತ ಅತ್ತೆ ಸಿಕ್ಕಿಬಿದ್ದರು ಅನ್ನುವುದೇ ನನಗೆ ಹೆಚ್ಚು ಖುಷಿ ಕೊಟ್ಟಿತು. ಒದ್ದೆ ಬಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ಕಾದೆ.

"ಇದು ನೀವು ಕಟ್ಟಿದ್ದಾ?" ಎಂದು ಕೇಳಿದೆ.

"ಹೂಂ, ನಾನೇ. ನಲ್ಲಿಗೆ ಕಟ್ಟಲ್ವೇನೇ, ಹಾಗೆ. ಕಸ ಹೋಗಿ ಮೋರಿ ಕಟ್ಕೊಂಡ್ರೆ ಇವನು ಅದನ್ನೇ ನೆಪ ಮಾಡಿ ಮಷಿನ್ ಸಾಗಿಸಿಬಿಡ್ತಾನೆ ಅಂತ."

ಆಗ ನಮ್ಮ ಬೀದಿಯಲ್ಲಿ ಬಾಯಿಗೆ ಬಟ್ಟೆ ಕಟ್ಟದ ನಲ್ಲಿಯೇ ಇರಲಿಲ್ಲ, ಅದು ನಿಜ.

"ಮತ್ತೆ ಮೂರು ಸುತ್ತು ಯಾಕೆ?"

"ನೀರು ನಿಲ್ತಿತ್ತಲ್ಲ. ಇನ್ನೂ ಕಸ ಹೋಗ್ತಿದೆ ಅಂತ ಒಂದೊಂದೇ ಸುತ್ತು ಜಾಸ್ತಿ ಮಾಡ್ದೆ."

"ಪೈಪಲ್ಲಿ ಕಸ ಬರೋದು ನಿಮಗೆ ಹೇಗೆ ಗೊತ್ತಾಯ್ತು? ನಾನು ಮಷಿನ್ ಹಾಕೋವಾಗ ನೀವು ಪೂಜೆಗೆ ಕೂತಿರ್ತೀರಲ್ಲ."

ಅತ್ತೆ ಕೈಯಲ್ಲಿದ್ದ ಕುಂಕುಮದ ಪೊಟ್ಟಣವನ್ನು ಬಿಚ್ಚಿ ಮತ್ತೆ ಮಡಿಸಿದರು. "ನೀವೆಲ್ಲ ಆಫೀಸಿಗೆ ಹೋದ್ಮೇಲೆ ನನ್ನ ಸೀರೇನೂ ಹಾಕ್ಕೊಳ್ತಿದ್ದೆ. ಕೈ ಬರಲ್ಲ ಕಣೇ ಈಗ, ಹಿಂಡೋಕಾಗಲ್ಲ. ಆಮೇಲೆ ಒಂದು ತಂಬಿಗೆ ಮಡಿನೀರು ಹಾಕಿ ತೆಗೀತಿದ್ದೆ, ದೋಷ ಇಲ್ಲ. ಅವನಿಗೆ ಹೇಳ್ಬೇಡ."

ಹೇಳಲ್ಲ ಅಂದೆ. ನನಗೆ ನಾಚಿಕೆಯಾಯಿತು. ನನ್ನ ಸೊಂಟನೋವು ಇಡೀ ಬೀದಿಗೆ ಗೊತ್ತಿತ್ತು. ಅವರ ಕೈಯ ಬಗ್ಗೆ ನಾನು ಒಮ್ಮೆಯೂ ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ, "ನೀವು ಹೇಳಿದ್ದೇ ಸರಿ, ಸ್ಲೋಪೇ. ಪೈಪ್ ಸ್ವಲ್ಪ ಇಳಿಸಿದೆ, ಸರಿಹೋಯ್ತು" ಎಂದು ಗಂಡನಿಗೆ ಸುಳ್ಳು ಹೇಳಿದೆ. ಅವರು ಹಿಗ್ಗಿ ಹೀರೇಕಾಯಿಯಾದರು. ಆದರೂ ತಂಗಿಗೆ ಮಾತು ಕೊಟ್ಟಾಗಿದೆ, ಟೆಂಪೋ ಹೊರಟಿದೆ, ಇನ್ನು ಏನೂ ಮಾಡುವ ಹಾಗಿಲ್ಲ ಅಂದರು. ಅಮ್ಮನಿಗೇ ಮಷಿನ್ ಬೇಕು ಎಂಬ ನಿಜ ಹೇಳಿದರೆ ಅದು ಉಳಿಯುತ್ತದೆ, ಅತ್ತೆಯ ಮಾನ ಹೋಗುತ್ತದೆ. ನಾನು ಬಾಯಿ ಬಿಡಲಿಲ್ಲ. ಅತ್ತೆ ಎದ್ದು ಹೋಗಿ ಫೋನ್ ಎತ್ತಿಕೊಂಡರು.

"ಮಷಿನ್ ಕಳಿಸಲ್ಲ ಕಣೇ. ಇಲ್ಲಿ ಬೇಕು." ಆ ಕಡೆಯಿಂದ ನಾದಿನಿ ಏನೋ ಕೇಳಿದಳು. "ಅವಳಿಗಲ್ಲ. ನನಗೆ."

ಫೋನ್ ಇಟ್ಟು, ಮಗನ ಮುಖವನ್ನೂ ನೋಡದೆ ದೇವರಮನೆಗೆ ನಡೆದರು.

ಇದನ್ನೆಲ್ಲ ನೆನೆಯುತ್ತ ನೀರಿನಲ್ಲೇ ನಿಂತಿದ್ದೆ. ಸೊಸೆ ಬಂದು ನೋಡಿ, "ಅಮ್ಮಾ, ನೀವೇನಾದ್ರೂ ಮಷಿನ್‌ಗೆ ಹಾಕಿದ್ರಾ?" ಎಂದಳು. ಮನೆ ಕಟ್ಟಿದವರನ್ನು ಬೈಯೋಣವೆಂದು ಬಾಯಿ ತೆರೆದವಳು ತಡೆದುಕೊಂಡೆ.

"ಕಾಲೊರಸು ಹಾಕಿದ್ದೆ ಕಣಮ್ಮ, ನಾರಿಂದು. ಕೂತ್ಕೊಂಡು ಉಜ್ಜೋಕೆ ನಂಗೀಗ ಆಗಲ್ಲ."

ಅಷ್ಟು ಹೇಳುವಷ್ಟರಲ್ಲಿ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅತ್ತೆ ಅಂದು ಆ "ನನಗೆ" ಎಂಬ ಮಾತನ್ನು ಮಗನ ಎದುರಿಗೆ, ಮಗಳಿಗೆ, ನನಗಾಗಿ ಹೇಳಿದ್ದರು.