ಅಕ್ಕೋರು ಕಲಿಸಿದ ‘ರಿ’

ಚಿನ್ನು, ಗುಂಡಾ,

ಹೋದ ದೀಪಾವಳಿಗೆ ನೀವು ಹುಮನಾಬಾದಿನಿಂದ ಬಂದಾಗ ಹೂವು ಮಾರಲು ಒಂದು ಸಣ್ಣ ಹುಡುಗಿ ನಮ್ಮ ಬಾಗಿಲಿಗೆ ಬಂದಿದ್ದಳು. ನಾನು ಅವಳಿಗೆ "ಒಳಗ ಬರ್ರಿ, ನೀರು ಕುಡೀರಿ" ಅಂದೆ. ನೀವಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿರಿ. "ಅಜ್ಜಿ, ಆಕಿ ನನಗಿಂತ ಸಣ್ಣಾಕಿ ಅದಾಳ. ಆಕಿಗ್ಯಾಕ ರಿ ಹಚ್ಚತಿ?" ಎಂದು ಗುಂಡಾ ಕೇಳಿದ. ಮನೆ ತುಂಬ ಮಂದಿ ಇದ್ದರು. ನಾಲ್ಕು ಮಂದಿ ಇದ್ದಲ್ಲಿ ನನಗೆ ಮಾತು ಹೊರಡುವುದಿಲ್ಲ. ಕರಿಗಡಬು ಸೀದೀತು ಅಂತ ಹೇಳಿ ಒಲೆಯ ಕಡೆ ಹೋಗಿಬಿಟ್ಟೆ. ಉತ್ತರ ಉಳಿದುಹೋಯಿತು. ಈಗ ಬರೆಯುತ್ತೇನೆ.

ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮ ಅಪ್ಪ ಇನ್ನೂ ಓದುತ್ತಿದ್ದ. ಅಜ್ಜ ಇರುವ ತನಕ ಊರಿನವರು ನನ್ನನ್ನು "ಬರ್ರಿ, ಕೂಡ್ರಿ" ಎಂದೇ ಮಾತಾಡಿಸುತ್ತಿದ್ದರು. ಅವರು ಹೋದ ಮೇಲೆ ಆ ‘ರಿ’ ಮೆಲ್ಲಗೆ ಸವೆಯಿತು. ಯಾರೂ ಬೇಕೆಂದು ಮಾಡಲಿಲ್ಲ. ಹಿಟ್ಟಿನ ಗಿರಣಿಯಲ್ಲಿ "ಏ ಯವ್ವಾ, ಆಚಿ ಸರಿ" ಅಂದರು. ಕಿರಾಣಿ ಅಂಗಡಿಯಲ್ಲಿ "ನಿಂದೇನು, ಲಗೂ ಹೇಳು" ಅಂದರು. ನಾನು ಇದನ್ನು ಯಾರ ಮುಂದೆಯೂ ಆಡಲಿಲ್ಲ. ಆಡಿದ್ದರೆ, ಗಂಡನ್ನ ಕಳಕೊಂಡಾಕಿಗೆ ಇದೊಂದು ಚಿಂತೆ ನೋಡು ಅನ್ನುತ್ತಿದ್ದರು.

ಆ ವರ್ಷವೇ ಊರ ಸರ್ಕಾರಿ ಶಾಲೆಯಲ್ಲಿ ನನಗೆ ಬಿಸಿಯೂಟದ ಅಡಿಗೆ ಕೆಲಸ ಸಿಕ್ಕಿತು. ಶಾಲೆಯ ಮುಖ್ಯ ಶಿಕ್ಷಕಿಯನ್ನು ಊರೆಲ್ಲ ದೊಡ್ಡ ಅಕ್ಕೋರು ಅನ್ನುತ್ತಿತ್ತು. ದಿನಾ ಹುಮನಾಬಾದಿನಿಂದ ಬಸ್ಸಿಗೆ ಬಂದು, ಹೆದ್ದಾರಿಯ ಕ್ರಾಸಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದರು. ಮೊದಲ ದಿನ ನಾನು ಆಫೀಸಿನ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದೆ. ಅಕ್ಕೋರು ತಲೆ ಎತ್ತಿ, "ಬರ್ರಿ ಅಕ್ಕಾ, ಕೂಡ್ರಿ" ಅಂದರು. ನನ್ನ ಹಿಂದೆ ಯಾರು ಬಂದರೋ ಎಂದು ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ನಿಮಗಽ ಅಂದೇನ್ರಿ" ಎಂದು ಅವರು ಕುರ್ಚಿ ಎಳೆದು ಕೊಟ್ಟರು. "ಈ ಗೇಟಿನ ಒಳಗ ಒಂದು ರಿವಾಜು ಅದ. ಯಾರಿಗೂ ಏ ಇಲ್ಲ, ಲೇ ಇಲ್ಲ. ಒಂದನೇ ಇಯತ್ತೆ ಕೂಸಿಗೂ ರಿ. ನಿಮ್ಮಿಂದ ಆಗ್ತದಲ್ರಿ?"

ಆಗುತ್ತದೆ ಎಂದು ತಲೆಯಾಡಿಸಿದೆ. ಆದರೆ ಅದು ಸುಲಭದ ಕೆಲಸವಾಗಿರಲಿಲ್ಲ. ಅನ್ನ ಬಡಿಸುವಾಗ "ತಗೋ" ಎಂದು ಬಾಯಿ ಮುಂದೆ ಓಡುತ್ತಿತ್ತು, ‘ಳ್ರಿ’ ಹಿಂದಿನಿಂದ ಕುಂಟುತ್ತ ಬರುತ್ತಿತ್ತು. ಹಳೆಯ ಮಾಸ್ತರೊಬ್ಬರಿಗೆ ನನಗಿಂತ ಕಷ್ಟವಾಯಿತು. ಸಿಟ್ಟು ಬಂದಾಗ "ಲೇ, ಸುಮ್ನ ಕೂಡ್ರಿ!" ಅನ್ನುತ್ತಿದ್ದರು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು, ಆಮೇಲೆ ಮಾಸ್ತರೂ ನಗುತ್ತಿದ್ದರು. ಒಂದು ಕೂಸಂತೂ ಅಂಗಳಕ್ಕೆ ಬಂದ ನಾಯಿಗೆ, "ಹೋಗ್ರಿ, ನಿಮ್ಮ ಊಟ ಆಗ್ಯಾದ" ಎಂದು ಹೇಳಿತು. ಆ ಮಾತು ಊರಲ್ಲಿ ಹಬ್ಬಿ, ಕೆಲವು ದಿನ ಕಟ್ಟೆಯ ಮೇಲೆ ಕೂತವರಿಗೆ ಅದೇ ಚೇಷ್ಟೆಯಾಯಿತು. ಎಮ್ಮೆಗೂ "ಏಳ್ರಿ ಸಾಹೇಬ್ರ" ಅನ್ನುವರು.

ಅಕ್ಕೋರು ಮೆತ್ತಗಿನವರಲ್ಲ. "ಯಾಕ ಬರಿಲಿಲ್ರಿ?" ಎಂದು ಅವರು ಕೇಳಿದರೆ ಛಡಿ ಏಟಿಗಿಂತ ಹೆಚ್ಚು ತಾಗುತ್ತಿತ್ತು. ಊಟಕ್ಕೆ ತಾವೂ ತಾಟು ಹಿಡಿದು ಮಕ್ಕಳ ಸಾಲಿನಲ್ಲೇ ಕೂಡುತ್ತಿದ್ದರು, ಇಂದು ಇಲ್ಲಿ, ನಾಳೆ ಅಲ್ಲಿ. ಯಾವ ಓಣಿಯ ಕೂಸು ಯಾರ ಬಾಜೂಕ ಕೂತಿದೆ ಎಂದು ನೋಡಿಕೊಂಡು ಜಾಗ ಬಿಡುವ ಹಳೆಯ ಚಾಳಿ ಹಾಗೆಯೇ ಬಿಟ್ಟುಹೋಯಿತು. ಅದರ ಬಗ್ಗೆ ಅವರು ಒಂದು ದಿನವೂ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ.

ನಾನು ಕೆಲಸಕ್ಕೆ ಸೇರಿ ಹಲವು ವರ್ಷವಾದ ಮೇಲೆ ಐದನೆಯ ಇಯತ್ತೆಯಲ್ಲಿ ಒಬ್ಬಳು ಹುಡುಗಿ ಇದ್ದಳು. ಊರ ಹೊರಗಿನ ಓಣಿಯವಳು. ಅವಳ ಅಪ್ಪ ಊರ ಸಾಹುಕಾರರ ಹೊಲದಲ್ಲಿ ವರ್ಷದ ಆಳು. ಈ ಸಾಹುಕಾರರೇ ಶಾಲಾ ಸಮಿತಿಯ ಅಧ್ಯಕ್ಷರು. ಕಾಗದದ ಮೇಲೆ ಅವರ ಮಗನ ಹೆಸರಿತ್ತು, ಕುರ್ಚಿಯ ಮೇಲೆ ಕೂಡುವವರು ಅವರೇ. ಅವರ ಮೊಮ್ಮಗನೂ ಅದೇ ಇಯತ್ತೆಯಲ್ಲಿ ಓದುತ್ತಿದ್ದ.

ಒಂದು ಮುಂಜಾನೆ ಮಕ್ಕಳು ಶಾಲೆಗೆ ಹೊರಟಿದ್ದವು. ನಾನು ಬೇಳೆಯ ಚೀಲ ಹೊತ್ತು ಅವರ ಹಿಂದೆಯೇ ಬರುತ್ತಿದ್ದೆ. ಸಾಹುಕಾರರ ಮನೆಯ ಮುಂದೆ ಎಮ್ಮೆಯೊಂದು ಹಗ್ಗ ಹರಿದುಕೊಂಡು ತೊಗರಿ ಒಣಹಾಕಿದ್ದಲ್ಲಿ ನುಗ್ಗಿತ್ತು. ಸಾಹುಕಾರರು ಕಟ್ಟೆಯಿಂದ, ಮಕ್ಕಳ ನಡುವೆ ಇದ್ದ ಆ ಹುಡುಗಿಯನ್ನು ಕೂಗಿದರು. "ಏ! ಬಾ ಇಲ್ಲಿ! ಎಮ್ಮಿ ಹಿಡಿ!"

ಹುಡುಗಿ ತಿರುಗಲಿಲ್ಲ. "ಏ ನಿನಗಽ, ಕೇಳಸಾಕತ್ತಿಲ್ಲೇನು?" ಎಂದು ಮತ್ತೆ ಕೂಗಿದರು. ಅವಳು ಗೆಳತಿಯ ಜೊತೆ ಏನೋ ಮಾತಾಡುತ್ತ, ಪಾಟೀಚೀಲ ಸರಿಮಾಡಿಕೊಂಡು ಮುಂದೆ ಹೋದಳು. ನಾನು ಬೆನ್ನ ಹಿಂದೆಯೇ ಇದ್ದೆ. ಅವಳ ಹೆಜ್ಜೆಯಲ್ಲಿ ಸೊಕ್ಕು ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಆ ‘ಏ’ ತನಗೆ ಎಂದು ಅವಳಿಗೆ ತಿಳಿಯಲೇ ಇಲ್ಲ. ದಿನವಿಡೀ ‘ರಿ’ ಕೇಳಿದ ಕಿವಿ.

ಊರು ಅದನ್ನು ಹಾಗೆ ತಿಳಿಯಲಿಲ್ಲ. ಆಳಿನ ಮಗಳು ಸಾಹುಕಾರರು ಕರೆದರೂ ತಿರುಗಿ ನೋಡಲಿಲ್ಲವಂತೆ ಎಂದು ಮಧ್ಯಾಹ್ನದೊಳಗೆ ಸುದ್ದಿಯಾಯಿತು. ಸಂಜೆ ಸಾಹುಕಾರರು ಅವಳ ಅಪ್ಪನಿಗೆ, ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದರು. ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ.

ಕೆಲವು ದಿನ ನೋಡಿ, ಅಕ್ಕೋರು "ನಡೀರಿ ಅಕ್ಕಾ, ಹೋಗಿ ಬರೋಣ" ಎಂದು ನನ್ನನ್ನು ಜೊತೆಗೆ ಕರೆದರು. ಹುಡುಗಿ ಬಾಗಿಲ ಮುಂದೆ ಪಾತ್ರೆ ತಿಕ್ಕುತ್ತಿದ್ದಳು. ನಮ್ಮನ್ನು ನೋಡಿ ಎದ್ದು ನಿಂತಳು, ಕೈಯಿಂದ ಬೂದಿನೀರು ಸುರಿಯುತ್ತಿತ್ತು.

"ಸಾಲಿಗಿ ಯಾಕ ಬರವಲ್ರಿ?" ಅಕ್ಕೋರು ಕೇಳಿದರು.

ಅವಳು ಲಂಗಕ್ಕೆ ಕೈ ಒರೆಸಿಕೊಂಡು ಮುಗಿದಳು. ಆಮೇಲೆ ಹೇಳಿದಳು: "ಅಕ್ಕೋರೆ, ನನಗ ರಿ ಅನಬ್ಯಾಡ್ರಿ. ಅದರಿಂದಽ ಅಪ್ಪನ ಕೆಲಸ ಹೋಗ್ಯಾದ್ರಿ."

ಅಕ್ಕೋರ ಮುಖ ಆಗ ಹೇಗಾಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಮಕ್ಕಳಿಗೆ ಒಳ್ಳೆಯದು ಎಂದು ಕೊಟ್ಟ ಒಂದೇ ಒಂದು ಅಕ್ಷರವನ್ನು ಆ ಕೂಸು ಕೈ ಮುಗಿದು ಮರಳಿ ಕೊಡುತ್ತಿತ್ತು. ಅಕ್ಕೋರು ಅಲ್ಲಿಂದ ಹೊರಟರು. ದಾರಿಯಲ್ಲಿ ಒಂದೇ ಮಾತಾಡಿದರು: "ಆಕಿದು ತಪ್ಪಿಲ್ರಿ ಅಕ್ಕಾ. ನಾ ಸಾಲಿಗಿ ಕಲಿಸ್ದೆ, ಊರಿಗಿ ಕಲಿಸಿಲ್ಲ."

ಅದೇ ವಾರ ಶಾಲಾ ಸಮಿತಿಯ ಸಭೆ ಇತ್ತು. ಚಹಾ ಕೊಡುವ ಕೆಲಸ ನನ್ನದು, ಹಾಗಾಗಿ ನಾನು ಅಲ್ಲಿದ್ದೆ. ಸಾಹುಕಾರರು ಬೇರೆ ಯಾವ ಮಾತೂ ಎತ್ತಗೊಡಲಿಲ್ಲ.

"ಅಕ್ಕೋರೆ, ಓದಸ್ರಿ ಅಂತ ಸರ್ಕಾರ ನಿಮಗ ಪಗಾರ ಕೊಡ್ತದ. ಆಳಿನ ಮಗಳಿಗಿ ರಿ ಅಂದು ತಲಿ ಮ್ಯಾಲ ಕೂಡಿಸ್ರಿ ಅಂತ ಕೊಡಲ್ಲ."

"ತಲಿ ಮ್ಯಾಲ ಕೂಡಿಸಿಲ್ರಿ ಸಾಹುಕಾರ್ರ. ನಿಮ್ಮ ಮೊಮ್ಮಗನ ಬಾಜೂಕ ಕೂಡಿಸೇನಿ."

ಸಮಿತಿಯಲ್ಲಿ ಒಬ್ಬ ವಯಸ್ಸಾದ ದರ್ಜಿ ಇದ್ದರು, ಎಲ್ಲರೂ ಚಾಚಾ ಅನ್ನುತ್ತಿದ್ದರು. ಅವರು ಚಹಾ ಸುರಿದುಕೊಂಡ ಬಸಿಯೊಳಗೇ ಕೆಮ್ಮಿದರು.

"ನಗಬ್ಯಾಡ ಚಾಚಾ" ಎಂದು ಸಾಹುಕಾರರು ಗದರಿದರು.

"ನಾ ಎಲ್ಲಿ ನಕ್ಕೇನ್ರಿ? ಚಾ ಸುಡಾಕತ್ತದ."

ಸಾಹುಕಾರರು ಅಕ್ಕೋರ ಕಡೆ ತಿರುಗಿದರು. "ನೀವು ಸಂಜಿ ಬಸ್ಸಿಗಿ ಹುಮನಾಬಾದಿಗಿ ಹೋಗೋರು. ನಾವು ಇಲ್ಲೇ ಇರೋರು. ನನ್ನ ಇಜ್ಜತ್ ಇದೇ ಓಣ್ಯಾಗ ಅದ."

ಅಕ್ಕೋರು ಎರಡೂ ಕೈ ಮೇಜಿನ ಮೇಲಿಟ್ಟರು. ಆಮೇಲೆ ಮೆತ್ತಗೆ ಹೇಳಿದರು. "ಖರೇ ಅದ್ರಿ. ಹಂಗಾದ್ರ ನೀವಽ ಆರಿಸ್ರಿ. ಒಂದು ಸಾಲ್ಯಾಗ ಎರಡು ಮಾತು ನನಗ ಆಡಲಿಕ್ಕ ಬರಲ್ಲ. ರಿ ಬ್ಯಾಡಂದ್ರ ಬ್ಯಾಡ. ನಾಳಿಂದ ಎಲ್ಲಾರಿಗೂ ಏ ಅಂತೀನಿ. ಆಕಿಗೂ ಏ, ನಿಮ್ಮ ಮೊಮ್ಮಗಗೂ ಏ. ಮಾಸ್ತರಿಗಿ ಹೇಳ್ತೀನಿ, ಅಡಿಗಿ ಅಕ್ಕಗೂ ಹೇಳ್ತೀನಿ."

ಸಾಹುಕಾರರ ಕಣ್ಣು ಗೋಡೆಗೆ ಒರಗಿ ನಿಂತ ನನ್ನ ಮೇಲೆ ಬಿತ್ತು. "ಏನ ಯವ್ವಾ? ನನ್ನ ಮೊಮ್ಮಗಗ ಏ ಅಂತಿ ನೀನು?"

ನನ್ನ ಕೆಲಸ ಇದ್ದದ್ದು ಅವರ ಕೈಯಲ್ಲಿ. ಕೈಯಲ್ಲಿದ್ದ ಚಹಾದ ಕಿಟ್ಲಿಯನ್ನು ಕೆಳಗಿಟ್ಟೆ. ಅಷ್ಟು ಗಂಡಸರ ಮುಂದೆ ನಾನು ಹಿಂದೆಂದೂ ಬಾಯಿ ತೆರೆದವಳಲ್ಲ. "ಅಕ್ಕೋರು ಹೇಳಿದ್ರ ಅನ್ನಬೇಕಾಗ್ತದ್ರಿ" ಅಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿತು. "ಆದ್ರ ನನ್ನ ಬಾಯಾಗ ಬರಲ್ರಿ. ರೂಢಿ ತಪ್ಪ್ಯಾದ. ಆ ಹುಡುಗಿಗೂ ಅನ್ನಾಕ ಬರಲ್ರಿ."

"ನಮ್ಮ ಮನ್ಯಾಗ ಕೂಸಿಗಿ ಆಪ್ ಅಂತೀವ್ರಿ ಸಾಹುಕಾರ್ರ" ಎಂದರು ಚಾಚಾ, ಬಸಿ ಕೆಳಗಿಟ್ಟು. "ಯಾರ ಇಜ್ಜತ್ತೂ ಕಮ್ಮಿ ಆಗಿಲ್ಲ."

ಸಾಹುಕಾರರು ಎದ್ದರು. ಹೆಗಲ ಟವೆಲ್ ಝಾಡಿಸಿ, "ಏನರೆ ಮಾಡ್ಕೋರಿ" ಎಂದು ಹೊರಗೆ ನಡೆದರು. ತಮ್ಮ ಮೊಮ್ಮಗನಿಗೆ ‘ಏ’ ಅನ್ನಿರಿ ಎಂದು ಅವರ ಬಾಯಿಂದಲೂ ಹೊರಡಲಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಹುಡುಗಿಯ ಅಪ್ಪನನ್ನು ಸಾಹುಕಾರರು ಮತ್ತೆ ಕರೆಯಲಿಲ್ಲ. ಅವನು ಮನ್ನಾಏಖೇಳ್ಳಿಯಲ್ಲಿ ಮೂಟೆ ಹೊರುವ ಕೆಲಸ ಹಿಡಿದ. ನಸುಕಿನ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಆ ಮನೆ ಆ ವರ್ಷ ಬಹಳ ಕಷ್ಟ ಉಂಡಿತು. ಅಕ್ಕೋರಿಗೆ ಅದು ಗೊತ್ತಿತ್ತು. ಅದರ ನಂತರ ಅವರು ಊಟದ ಸಾಲಿನಲ್ಲಿ ಕೂತಾಗ ಮೊದಲಿನ ಹಾಗೆ ನಗುತ್ತಿರಲಿಲ್ಲ.

ಒಂದು ದಿನ ಪ್ರಾರ್ಥನೆ ಮುಗಿಯುವಾಗ ಹುಡುಗಿ ಗೇಟಿನ ಹತ್ತಿರ ಬಂದು ನಿಂತಳು. ಒಳಗೆ ಬರಲಿಲ್ಲ. ಅಕ್ಕೋರು ಅವಳ ಹತ್ತಿರ ಹೋದರು. ನಾನು ನೀರಿನ ಕೊಡ ಹೊತ್ತು ಅಲ್ಲೇ ಇದ್ದೆ. ಬಂದಿದ್ದಕ್ಕೆ ಸಂತೋಷ ಅನ್ನಲಿಲ್ಲ ಅವರು, ಬೆನ್ನು ತಟ್ಟಲಿಲ್ಲ. "ನಿಮಗ ಏನಂತ ಕರೀಲ್ರಿ?" ಎಂದು ಕೇಳಿದರು. ನಿಜವಾಗಿಯೂ ಕೇಳಿದರು. ಅವಳು ಬೇಡ ಅಂದಿದ್ದರೆ ಬಿಡುತ್ತಿದ್ದರೇನೋ.

ಹುಡುಗಿ ನೆಲ ನೋಡುತ್ತ ಹೇಳಿದಳು: "ಎಲ್ಲಾರಿಗಿ ಅಂದಂಗ ಅನ್ರಿ."

"ಬರ್ರಿ ಹಂಗಾದ್ರ" ಅಂದರು ಅಕ್ಕೋರು. ಅವಳು ಒಳಗೆ ಬಂದಳು.

ಈ ವರ್ಷ ಅಕ್ಕೋರು ನಿವೃತ್ತರಾದರು. ಶಿಕ್ಷಕರ ದಿನಕ್ಕೆ ಬಸವಕಲ್ಯಾಣದಲ್ಲಿ ಒಳ್ಳೆಯ ಶಿಕ್ಷಕರಿಗೆ ಸನ್ಮಾನ ಮಾಡುತ್ತಾರಲ್ಲ, ಅದು ಅವರಿಗೆ ಒಮ್ಮೆಯೂ ಆಗಲಿಲ್ಲ. ಅರ್ಜಿ ಹಾಕಬೇಕಂತೆ, ಅವರು ಹಾಕಲಿಲ್ಲ. ಊರೇ ಸೇರಿ ಶಾಲೆಯ ಅಂಗಳದಲ್ಲಿ ಒಂದು ಸಭೆ ಇಟ್ಟಿತು. ಬಸವಕಲ್ಯಾಣದ ಪೇಟೆಗೆ ಹೋಗಿ ಶಾಲು ಆರಿಸಿದವಳು ನಾನು.

ಆ ಹುಡುಗಿಯೂ ಬಂದಿದ್ದಳು. ಈಗ ಬಸವಕಲ್ಯಾಣದಲ್ಲಿ ಕಾಲೇಜು ಓದುತ್ತಾಳೆ. ಹಾರಗಳ ತಾಟು ಹಿಡಿದು ವೇದಿಕೆಯ ಪಕ್ಕ ನಿಂತಿದ್ದಳು. ಊರ ಪರವಾಗಿ ಹಾರ ಹಾಕಲು ಸಾಹುಕಾರರನ್ನು ಕರೆದರು. ಅವರಿಗೀಗ ವಯಸ್ಸಾಗಿದೆ, ಕೋಲು ಹಿಡಿದು ಮೆಟ್ಟಿಲು ಹತ್ತಿದರು. ಹಾರದ ತಾಟು ಹುಡುಗಿಯ ಕೈಯಲ್ಲಿ, ಹುಡುಗಿ ಆ ಕಡೆ ಮುಖ ಮಾಡಿ ಯಾರ ಜೊತೆಗೋ ಮಾತಾಡುತ್ತಿದ್ದಾಳೆ. ಸಾಹುಕಾರರು ಅವಳ ಬೆನ್ನ ಹಿಂದೆ ನಿಂತರು. ತುಟಿ ಅಲುಗಿತು. ‘ಏ’ ಬರಲಿಲ್ಲ. ‘ರಿ’ಯೂ ಬರಲಿಲ್ಲ. ಮೈಕ್ ಹಿಡಿದವನು ಅವರ ಹೆಸರನ್ನು ಮತ್ತೆ ಕೂಗಿದ. ಅವರು ಹಾಗೆಯೇ ಕೋಲಿನ ಮೇಲೆ ಭಾರ ಬಿಟ್ಟು, ಅವಳು ತಾನಾಗಿ ತಿರುಗುವ ತನಕ ಕಾದರು. ಅವಳು ತಿರುಗಿ ನೋಡಿ, "ಅಯ್ಯ, ತಡೀರಿ ಅಪ್ಪಾರೆ" ಎಂದು ಹಾರ ಬಿಡಿಸಿ ಅವರ ಕೈಗೆ ಕೊಟ್ಟಳು.

ಅಂಗಳದಲ್ಲಿ ಕೂತವರು ಇದನ್ನು ಗಮನಿಸಿರಲಿಕ್ಕಿಲ್ಲ. ಅಕ್ಕೋರು ಗಮನಿಸಿದರು. ಸಾಹುಕಾರರು ಹಾರ ಹಾಕುವಾಗ ಅಕ್ಕೋರ ಕಣ್ಣು ಹುಡುಗಿಯ ಮೇಲಿತ್ತು. ಶಾಲು, ಹಾರ, ಚಪ್ಪಾಳೆ ಎಲ್ಲ ಆಮೇಲೆ ಆಯಿತು. ನನ್ನ ಲೆಕ್ಕದಲ್ಲಿ ಅವರಿಗೆ ಸನ್ಮಾನ ಆದದ್ದು ಸಾಹುಕಾರರು ಸುಮ್ಮನೆ ನಿಂತು ಕಾದ ಆ ಸ್ವಲ್ಪ ಹೊತ್ತಿನಲ್ಲಿ. ಅಷ್ಟಕ್ಕೆ ಒಬ್ಬ ಆಳು ತನ್ನ ಕೆಲಸ ಕಳೆದುಕೊಂಡಿದ್ದ, ಅದನ್ನೂ ನಾನು ಮರೆತಿಲ್ಲ.

ನನಗೂ ಎರಡು ಮಾತಾಡು ಎಂದರು. ಮೈಕಿನ ತನಕ ಹೋಗಿ, ಕೈ ಮುಗಿದು ಬಂದು ಕೂತೆ. ಹೇಳಬೇಕಿದ್ದದ್ದು ಇಷ್ಟು, ಈಗ ನಿಮಗೆ ಹೇಳಿದ್ದೇನೆ. ಶಾಲೆಯ ಗೋಡೆಯ ಮೇಲೆ ಮುಖ್ಯ ಗುರುಗಳ ಹೆಸರು ಬರೆದಿದ್ದಾರೆ, ಅವರು ಬಂದ ದಿನ, ಹೋದ ದಿನ ಮಾತ್ರ ಅಲ್ಲಿದೆ. ನಡುವೆ ಏನಾಯಿತು ಎಂಬುದು ಅಲ್ಲಿಲ್ಲ, ನೋಡಿದವರಲ್ಲಿ ಚಾಚಾ ಈಗ ಇಲ್ಲ, ನನಗೂ ವಯಸ್ಸಾಯಿತು. ಅದಕ್ಕೇ ಈ ಹಾಳೆಗಳನ್ನು ಇಲಿ ಮುಟ್ಟದ ಕಡೆ, ನೀರು ತಾಗದ ಕಡೆ ಇಡಿ. ಚಿನ್ನು, ನಿನ್ನ ಬಟ್ಟೆಯ ಟ್ರಂಕು ಒಳ್ಳೆಯದು. ಗುಂಡಾ ಕೇಳಿದಾಗ ಅವನಿಗೂ ಓದಲು ಕೊಡು.