ಸೆನ್ಸರ್ ಮುಂದೆ ಕೈಕಟ್ಟಿ ನಿಂತದ್ದು

ಗೋವಾದ ಸಾಂಕೋಲೆಯ ಆ ಸಣ್ಣ ಕಂಪನಿ ನನ್ನನ್ನು ತೆಗೆದುಕೊಂಡದ್ದು ಯಂತ್ರಗಳ ಕೈಪಿಡಿ ಬರೆಯುವುದಕ್ಕೆ. ಪ್ರೋಗ್ರಾಂ ಬರೆಯುವ ಕೆಲಸಕ್ಕಾಗಿ ನಾನು ವರ್ಷವಿಡೀ ಹೋರಾಡಿದೆ. ಹೋರಾಟವೆಂದರೆ ಸಾಹೇಬರ ಬಾಗಿಲಲ್ಲಿ ಆಗಾಗ ಗಂಟಲು ಸರಿಮಾಡಿಕೊಂಡದ್ದು. ಕೊನೆಗೆ ಬಂದರಿನ ಮೀನಿನ ಕೋಲ್ಡ್ ಸ್ಟೋರೇಜಿಗೆ ಹೋಗುವ ಬೋರ್ಡಿನ ಡ್ರೈವರ್, ಅಂದರೆ ತಾಪಮಾನದ ಸೆನ್ಸರಿನೊಡನೆ ಮಾತಾಡುವ ಪ್ರೋಗ್ರಾಂ, ನನ್ನ ಪಾಲಿಗೆ ಬಂತು. ಅದನ್ನು ಬರೆದು ಮುಗಿಸಿದ ದಿನವೇ ಸಂಜೆ ಗಿರಾಕಿ ನೋಡಲು ಬರುವವರಿದ್ದರು. ಒಪ್ಪದಿದ್ದರೆ ನನಗೆ ಮತ್ತೆ ಕೈಪಿಡಿ.

ಸೆನ್ಸರ್ ಕೇಳಿದೊಡನೆ ಉತ್ತರಿಸುವುದಿಲ್ಲ. ಅಳೆದು ಅಂಕಿಯಾಗಿಸಲು ಅದಕ್ಕೆ ಕ್ಷಣಹೊತ್ತು ಬೇಕು. ನಮ್ಮ ಮನೆಯಲ್ಲಿ ಹಿರಿಯರನ್ನು ಏನಾದರೂ ಕೇಳಿದರೆ ಉತ್ತರ ಬರುವ ಮುಂಚೆ ಕದಲುವಂತಿಲ್ಲ. ಅಪ್ಪನ ಅಂಗಡಿಯೊಂದಿಗೆ ಧಾರವಾಡದಿಂದ ವಾಸ್ಕೋಗೆ ಬಂದ ಆ ಶಿಸ್ತನ್ನು ನಾನು ಯೋಚಿಸದೆಯೇ ಡ್ರೈವರಿಗೂ ಕಲಿಸಿದ್ದೆ. ಸ್ಕ್ರೀನ್ ಕೇಳಿದರೂ, ಫ್ಯಾನ್ ಕೇಳಿದರೂ, ಅಲಾರಂ ಕೇಳಿದರೂ ಅದು ಪ್ರತಿ ಸಲ ಹೊಸದಾಗಿ ಅಳೆಯಿಸಿ, ಉತ್ತರ ಬರುವತನಕ ಅಲ್ಲೇ ನಿಲ್ಲುತ್ತಿತ್ತು. ಉಳಿದವರು ಹಿಂದೆ ಸಾಲುಗಟ್ಟುತ್ತಿದ್ದರು.

ಬೆಳಗಾವಿ ಕಡೆಯ ಸಾಹೇಬರು ಅದನ್ನು ನೋಡಿ, "ಏನವಾ, ನಿನ್ನ ಪ್ರೋಗ್ರಾಂ ಮಾವನ ಮುಂದ ಹೊಸ ಸೊಸಿ ನಿಂತಂಗ ನಿಂತೈತಲ್ಲ. ಸೆರಗೊಂದು ಕಮ್ಮಿ," ಎಂದರು.

ನನಗೆ ರೋಷ ಬಂತು. ಪ್ರೋಗ್ರಾಂನಿಂದ ಕಾಯುವ ಸಾಲನ್ನೇ ಅಳಿಸಿಹಾಕಿದೆ. ಈಗ ಬೋರ್ಡು ಚುರುಕಾಗಿತ್ತು. ಹೇರ್ ಡ್ರೈಯರ್ ಹಿಡಿದು ಸೆನ್ಸರನ್ನು ಕಾಯಿಸಿದೆ. ಸ್ಕ್ರೀನ್ ಮಾತ್ರ ಸ್ವಲ್ಪ ಹೊತ್ತಿನ ಹಿಂದಿನ ತಂಪನ್ನೇ ತೋರಿಸಿತು. ಡ್ರೈವರ್ ಅಳತೆ ಮುಗಿಯುವ ಮೊದಲೇ ಹಳೆಯ ಉತ್ತರ ಎತ್ತಿಕೊಂಡು ಓಡಿಬರುತ್ತಿತ್ತು. ಸಾಹೇಬರು ಸೆನ್ಸರಿಗೆ ಬೆರಳಿಟ್ಟು, ಸರಕ್ಕನೆ ತೆಗೆದು, ನನ್ನನ್ನು ನೋಡಿದರು.

ಊಟ ಬಿಟ್ಟು ಕುಳಿತೆ. ಅಳೆಯಲು ಹೇಳಿದ ಗಳಿಗೆಯನ್ನು ಗುರುತಿಟ್ಟುಕೊಂಡು, ಡ್ರೈವರನ್ನು ಬೇರೆ ಕೆಲಸಕ್ಕೆ ಕಳಿಸಿದೆ. ನಡುವೆ ಯಾರಾದರೂ ಕೇಳಿದರೆ ಇನ್ನು ಉಳಿದಷ್ಟೇ ಹೊತ್ತು ಕಾಯಬೇಕು. ಆಗಷ್ಟೇ ಅಳೆದದ್ದಿದ್ದರೆ ಅದನ್ನೇ ಎಲ್ಲರಿಗೂ ಹಂಚಬೇಕು. ಇಷ್ಟು ಸರಳವಾದದ್ದು ಹೊಳೆಯಲು ನನ್ನ ತಲೆಗೆ ಸೆನ್ಸರಿಗಿಂತ ಬಹಳ ಹೆಚ್ಚು ಹೊತ್ತು ಹಿಡಿಯಿತು.

ಗಿರಾಕಿ ಬಂದವರೇ ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದರು. ಅಂಕಿ ಏರಿತು, ಫ್ಯಾನ್ ತಿರುಗಿತು. ತಲೆದೂಗಿ, ಇದನ್ನು ಜೋಡಿಸಲು ಬಂದರಿಗೆ ಯಾರು ಬರುತ್ತಾರೆಂದು ಕೊಂಕಣಿಯಲ್ಲಿ ವಿಚಾರಿಸಿದರು.

"ನೀ ಹೋಗ್ತೀಯೇನವಾ?" ಎಂದರು ಸಾಹೇಬರು.

ಎಂದಿನಂತೆ ನನ್ನಿಂದ ಉತ್ತರ ಹೊರಡಲಿಲ್ಲ. ಅವರು ಕಾಯುತ್ತ ನಿಲ್ಲಲಿಲ್ಲ. ಗಿರಾಕಿಗೆ ಚಹಾ ಕೊಟ್ಟು, ಒಂದು ಫೋನ್ ಮುಗಿಸಿ, ತಿರುಗಿ ನನ್ನ ಮೇಜಿಗೆ ಬಂದರು.

"ಹಾಂ, ಈಗ ಹೇಳು."

"ಹೋಗ್ತೇನ್ರಿ," ಎಂದೆ.